ಕೆರೆಯ ಏರಿ, ಬೆಟ್ಟದ ಮೆಟ್ಟಿಲು: ಮೈಸೂರಿನ ಕುಟುಂಬಗಳ ಬಯಲು ವಿಹಾರ

ಒಂದು ಊರಿನ ಚರಿತ್ರೆಯನ್ನು ಬರೆಯುವವರು ಅರಮನೆಗಳನ್ನೂ ದೇವಾಲಯಗಳನ್ನೂ ಕಾಲೇಜುಗಳನ್ನೂ ಕುರಿತು ವಿವರವಾಗಿ ಬರೆಯುತ್ತಾರೆ. ಭಾನುವಾರದ ಪೂಜೆ ಮುಗಿದ ಮೇಲೆ ಅಥವಾ ಸಂಜೆಯ ತಂಪಿನಲ್ಲಿ ತಂದೆತಾಯಿಗಳು ಮಕ್ಕಳ ಕೈಹಿಡಿದು ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ದಾಖಲಿಸಿದವರು ವಿರಳ. ಮೈಸೂರಿನಂತಹ ನಗರದಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ಹಿರಿಯರಲ್ಲಿ ಬಹುಮಂದಿ ಅಲ್ಪ ವರಮಾನದವರು. ಹಣ ಖರ್ಚಿಲ್ಲದೆ ಮಕ್ಕಳಿಗೆ ಸಂತೋಷ ಕೊಡಬಲ್ಲದ್ದೆಂದರೆ ಬಯಲು, ಕೆರೆ, ಬೆಟ್ಟ ಇಷ್ಟೇ. ಇವು ಈ ಊರಿಗೆ ಹೇಗೆ ದೊರೆತವು, ಯಾವ ಋತುವಿನಲ್ಲಿ ಯಾವುದು ಜನರನ್ನು ಕರೆಯಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದೆ.

ಮೊದಲು ಒಂದು ದುಃಖದ ಕಥೆಯನ್ನು ನೆನೆಯಬೇಕು. 1898ರ ಸುಮಾರಿಗೆ ಮೈಸೂರಿಗೆ ಪ್ಲೇಗು ಮಾರಿ ಬಂದೆರಗಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಾದ ಓಣಿಗಳಲ್ಲಿ ಒಂದರ ಮೇಲೊಂದು ಬಿದ್ದಂತಿದ್ದ ಮನೆಗಳೇ ರೋಗದ ತೌರಾದವು. ಈ ಪಾಠದ ಫಲವಾಗಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಇಂತಹ ಸಂಸ್ಥೆಗಳಲ್ಲಿ ಇದು ಭಾರತದಲ್ಲೇ ಮೊದಲಿನವುಗಳಲ್ಲೊಂದು. ಹೊಸ ಬಡಾವಣೆಗಳಲ್ಲಿ ಅಗಲವಾದ ರಸ್ತೆಗಳು, ಸಾಲುಮರಗಳು, ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿಗಳು, ಅಲ್ಲಲ್ಲಿ ಉದ್ಯಾನಗಳು ಬಂದವು. ಈಗ ನಾವು ವಿಹಾರದ ಸೊಗಸೆಂದು ಬಗೆಯುವ ಎಷ್ಟೋ ಸ್ಥಳಗಳು ಅಂದು ಜೀವರಕ್ಷಣೆಗಾಗಿ ಬಿಟ್ಟ ಬಯಲುಗಳು. ಊರಿನ ಕೆರೆ, ಕಟ್ಟೆಗಳೂ ಹೀಗೆಯೇ. ಅವುಗಳಲ್ಲಿ ಯಾವುದನ್ನೂ ಯಾರೂ ತಿರುಗಾಟಕ್ಕಾಗಿ ಕಟ್ಟಲಿಲ್ಲ.

ಕುಕ್ಕರಹಳ್ಳಿ ಕೆರೆಯನ್ನೇ ನೋಡಿರಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಇದನ್ನು ಕಟ್ಟಿಸಿದ್ದು ಬೇಸಾಯದ ನೀರಿಗಾಗಿ. ಸುಮಾರು 150 ಎಕರೆ ವಿಸ್ತಾರದ ಈ ಕೆರೆಯನ್ನು ಒಂದು ಸುತ್ತು ಬಂದರೆ ಹತ್ತಿರ ಹತ್ತಿರ 5 ಕಿಲೋಮೀಟರ್ ನಡೆದಂತಾಗುತ್ತದೆ. ಕುವೆಂಪು ಅವರೂ ಆರ್.ಕೆ. ನಾರಾಯಣ್ ಅವರೂ ಈ ದಡದಲ್ಲಿ ತಿರುಗಾಡಿದವರೇ. 1960ರಲ್ಲಿ ಮಾನಸಗಂಗೋತ್ರಿ ಕ್ಯಾಂಪಸ್ಸು ಇದರ ಪಕ್ಕದಲ್ಲಿಯೇ ತಲೆಯೆತ್ತಿತು. ಕೆರೆಯ ನಿಜವಾದ ಋತುವೆಂದರೆ ಮಾಗಿ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನೀರಿನ ಮೇಲೆ ಮಂಜು ಕವಿದಿರುತ್ತದೆ. ಅದು ತೆರೆದಂತೆಲ್ಲ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆ, ಹಾವಿನಂತೆ ಕತ್ತು ಚಾಚುವ ಹಾವಕ್ಕಿ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮಗುವಿಗೆ ಹಕ್ಕಿಯ ಹೆಸರು ಕಲಿಸಲು ಪುಸ್ತಕಕ್ಕಿಂತ ಈ ಏರಿ ಮೇಲೆಂದು ನನ್ನ ಅಭಿಪ್ರಾಯ. ಮನೆಗೆ ಮರಳುವಾಗ ಸೊಗಡಿನ ಅವರೆಕಾಯಿಯನ್ನು ಕೊಂಡು ತರುವುದು ಆ ದಿನಗಳ ವಾಡಿಕೆಗೆ ಸೇರಿದ ಮಾತು. ಆದರೆ ಸುತ್ತಣ ಬಡಾವಣೆಗಳ ಕೊಳಚೆ ನೀರು ಹರಿದು ಈ ಕೆರೆ ಅನೇಕ ವರ್ಷ ನರಳಿತು ಎಂಬುದನ್ನು ಮುಚ್ಚಿಡುವಂತಿಲ್ಲ. ಬೆಳಗ್ಗೆ ಸಂಜೆ ನಡೆಯಲು ಬರುವವರ ಕಣ್ಣಿಗೆ ಅದು ಬಿದ್ದುದರಿಂದಲೇ ದೂರು, ಹೋರಾಟಗಳು ಎದ್ದವು. ಯಾರೂ ಹೋಗದ ಕೆರೆಯ ಗತಿ ಏನಾಗುತ್ತದೆ ಎಂಬುದಕ್ಕೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನದ ಹೆಸರೊಳಗೆ ಮಾತ್ರ ಕೆರೆ ಉಳಿದಿದೆ.

ಚಳಿಗಾಲದಲ್ಲಿ ಇನ್ನೂ ಸ್ವಲ್ಪ ದೂರ ಹೋಗಬಲ್ಲವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಿದೆ. ಹಿಮಾಲಯವನ್ನು ದಾಟಿ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುತ್ತವೆ. ಬುತ್ತಿ ಕಟ್ಟಿಕೊಂಡು ಹೋದರೆ ಒಂದು ದಿನದ ಸುಖಕ್ಕೆ ಸಾಕು.

ಬೇಸಿಗೆಯ ರಜೆ ಬಂತೆಂದರೆ ಮಕ್ಕಳ ಬಾಯಲ್ಲಿ ಒಂದೇ ಹೆಸರು, ಮೃಗಾಲಯ. ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಸುಮಾರು 10 ಎಕರೆಯಲ್ಲಿ ಆರಂಭಿಸಿದ ಇದು ಮೊದಲು ಅರಮನೆಯ ಮೃಗಾಲಯವಾಗಿತ್ತು. 1948ರಲ್ಲಿ ಸರ್ಕಾರದ ಕೈಗೆ ಬಂದಿತು. ಏಪ್ರಿಲ್ಲಿನ ಉರಿಯಲ್ಲೂ ಅಲ್ಲಿನ ಹೆಮ್ಮರಗಳ ಕೆಳಗೆ ತಂಪು. ಪಕ್ಕದ ಕಾರಂಜಿ ಕೆರೆ 1976ರಲ್ಲಿ ಮೃಗಾಲಯಕ್ಕೆ ಸೇರಿತು. ಬಹುಕಾಲ ಹಾಳು ಬಿದ್ದಿದ್ದ ಅದನ್ನು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ದುರಸ್ತಿಗೊಳಿಸಿ ದೋಣಿವಿಹಾರಕ್ಕೂ ಹಕ್ಕಿಗಳ ನಡುವೆಯೇ ನಡೆದಾಡುವ ಪಕ್ಷಿಮನೆಗೂ ಅಣಿಗೊಳಿಸಿದರು. ಇವೆರಡಕ್ಕೂ ಪ್ರವೇಶ ಶುಲ್ಕವುಂಟು. ಐದಾರು ಮಂದಿಯ ಸಂಸಾರ ಇದನ್ನು ಲೆಕ್ಕ ಹಾಕಿಯೇ ಹೊರಡಬೇಕಾಗುತ್ತದೆ.

ಬೇಸಿಗೆಯಲ್ಲಿಯೇ ನೋಡಬೇಕಾದ ಇನ್ನೊಂದು ಸ್ಥಳ ರಂಗನತಿಟ್ಟು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟೆಯಿಂದ ನದಿಯೊಳಗೆ ತಿಟ್ಟುಗಳು ಉಂಟಾದವು. ಆ ತಿಟ್ಟುಗಳಲ್ಲಿ ಹಕ್ಕಿಗಳು ಗೂಡುಕಟ್ಟಿದವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಒತ್ತಾಯಿಸಿದ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣವೆಂಬ ಮನ್ನಣೆ ಪಡೆಯಿತು. ಫೆಬ್ರವರಿಯ ನಂತರ ತಾಯಿಹಕ್ಕಿಗಳು ಮರಿಗಳಿಗೆ ಗುಟುಕು ಕೊಡುವುದನ್ನು ದೋಣಿಯಲ್ಲಿ ಕುಳಿತು ಕಾಣಬಹುದು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ. ಸೆಖೆ ತಾಳಲಾರದೆ ಬಲಮುರಿಯ ಕಟ್ಟೆಯ ಕೆಳಗೆ ನೀರಿಗಿಳಿಯುವವರೂ ಬಹಳ. ಕಾವೇರಿಯ ಸುಳಿಗೆ ಪ್ರತಿ ವರ್ಷ ಬಲಿಯಾಗುವ ಎಳೆಯ ಜೀವಗಳನ್ನು ನೆನೆದು, ಮಕ್ಕಳನ್ನು ಮೊಣಕಾಲುದ್ದದ ನೀರಿನಿಂದ ಆಚೆಗೆ ಬಿಡಬಾರದೆಂದು ಹೇಳದೆ ಇರಲಾರೆ.

ಮುಂಗಾರು ಮೈಸೂರಿನಲ್ಲಿ ಮಲೆನಾಡಿನಂತೆ ಅಬ್ಬರಿಸುವುದಿಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿಯೂ ಬಿರುಸು ಮೇ ತಿಂಗಳಿನಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್, ಜುಲೈನಲ್ಲಿ ಜಿನುಗು ಮಳೆ, ಮೋಡದ ನೆರಳು. ಕೊಡೆ ಹಿಡಿದು ನಡೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಜೂನ್ 13ರಂದು ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗುವ ನಮ್ಮ ಕುಟುಂಬಗಳಿಗೆ ಆ ಪಯಣ ಹರಕೆಯೂ ಹೌದು, ಹದವಾದ ಹೊಲಗಳ ನಡುವಿನ ವಿಹಾರವೂ ಹೌದು. ಇದೇ ಕಾಲದಲ್ಲಿ ಊರಿಗೆ ಊರೇ ಕನ್ನಂಬಾಡಿಯ ಕಡೆ ಮುಖ ಮಾಡುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ ಎರಡು ದಶಕಗಳ ಕಾಲ ನಡೆಯಿತು. ಕಟ್ಟೆಯ ಕೆಳಗಣ ಬೃಂದಾವನವನ್ನು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ರೂಪಿಸಿದರು. ದೀಪ, ಕಾರಂಜಿಗಳು ವರ್ಷವಿಡೀ ಉಂಟು. ಆದರೆ ನೀರು 124.80 ಅಡಿಯ ಗುರುತನ್ನು ಮುಟ್ಟಿತೆಂಬ ಸುದ್ದಿ ಬಂದ ದಿನ ಹಿಗ್ಗುವುದು ಬೇರೆಯ ಹಿಗ್ಗು. ಅದು ರೈತನ ಬೆಳೆಯ ಸುದ್ದಿ, ನಗರದ ನಲ್ಲಿಯ ಸುದ್ದಿ. ಮಕ್ಕಳಿಗೆ ಆ ಭೋರ್ಗರೆತವನ್ನು ತೋರಿಸುವಾಗ ಇಷ್ಟನ್ನು ಹೇಳಿದರೆ ಸಾಕು.

ದಸರೆಯನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ, ಎಲ್ಲರೂ ಬಲ್ಲರು. ಸಾಮಾನ್ಯ ಕುಟುಂಬದ ದಸರೆ ಜಂಬೂಸವಾರಿಗಿಂತ ಫಲಪುಷ್ಪ ಪ್ರದರ್ಶನದಲ್ಲಿ, ದೀಪಾಲಂಕಾರ ನೋಡುತ್ತ ಕಡಲೆಕಾಯಿ ತಿನ್ನುತ್ತ ಕಾಲುನಡಿಗೆಯಲ್ಲಿ ಸುತ್ತುವ ರಾತ್ರಿಗಳಲ್ಲಿ ಇತ್ತು. ಈ ನಡಿಗೆಗೆ ಹಗಲಿನಲ್ಲಿ ನೆರಳು ಕೊಡುತ್ತಿದ್ದ ಸಾಲುಮರಗಳು ಮಾತ್ರ ಕಡಿಮೆಯಾಗುತ್ತಿವೆ. 2025ರ ಏಪ್ರಿಲ್ ತಿಂಗಳಲ್ಲಿ ಹೈದರಾಲಿ ರಸ್ತೆಯ 40 ಮರಗಳನ್ನು ರಸ್ತೆಯ ಅಗಲೀಕರಣಕ್ಕಾಗಿ ಉರುಳಿಸಿದಾಗ ಊರಿನ ಜನ ಬೀದಿಗಿಳಿದು ಮರುಗಿದರು.

ಮಳೆ ತೊಳೆದ ಮೇಲಿನ ಕಾರ್ತೀಕದ ಹವೆಯಲ್ಲಿ ಚಾಮುಂಡಿ ಬೆಟ್ಟವನ್ನು ಹತ್ತಬೇಕು. ದೊಡ್ಡ ದೇವರಾಜ ಒಡೆಯರು (1659–1673) ಯಾತ್ರಿಕರಿಗಾಗಿ ಮಾಡಿಸಿದ ಸುಮಾರು 1000 ಮೆಟ್ಟಿಲುಗಳ ಮೇಲೆ ಈಗ ಎಲ್ಲ ಮತಗಳ ಜನರೂ ನಸುಕಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಾರೆ. ಅಜ್ಜಂದಿರು ಮಂಟಪದಲ್ಲಿ ಕುಳಿತು ಸುಧಾರಿಸಿಕೊಳ್ಳುವಷ್ಟರಲ್ಲಿ ಮೊಮ್ಮಕ್ಕಳು ನೂರು ಮೆಟ್ಟಿಲು ಮೇಲೇರಿರುತ್ತಾರೆ. 2021ರ ಅತಿವೃಷ್ಟಿಯಲ್ಲಿ ನಂದಿಗೆ ಹೋಗುವ ರಸ್ತೆಯ ಅಂಚು ಕುಸಿದು, ಬೆಟ್ಟವೂ ಭಾರ ಹೊರುವುದಕ್ಕೆ ಮಿತಿಯುಂಟೆಂದು ತೋರಿಸಿತು.  ಏಳುನೂರನೆಯ ಮೆಟ್ಟಿಲಿನ ಬಳಿಯ ನಂದಿಯನ್ನು ಮುಟ್ಟಿದ ಮೇಲೆ ಹಿಂದಿರುಗಿ ನೋಡಿದರೆ ಮಂಜು ಕರಗುತ್ತಿರುವ ಊರು ಕೆಳಗಿರುತ್ತದೆ. ಅರಮನೆಯ ಗುಮ್ಮಟ, ಕಾರಂಜಿಯ ನೀರು, ದೂರದಲ್ಲಿ ಕುಕ್ಕರಹಳ್ಳಿಯ ಹೊಳಪು, ಅತ್ತ ಸಂತ ಫಿಲೋಮಿನಾ ದೇವಾಲಯದ ಎರಡು ಗೋಪುರಗಳು. ಮಕ್ಕಳು ಬೆರಳು ತೋರಿಸಿ ತಮ್ಮ ಮನೆ ಎಲ್ಲಿದೆಯೆಂದು ಹುಡುಕತೊಡಗುತ್ತಾರೆ.