ಜೋಳಿಗೆಗೆ ಬಿದ್ದ ಚಟ

ಜಂಗಮನ ಜೋಳಿಗೆಗೆ ಜೋಳ, ಕಾಸು, ಕೋರಾನ್ನ ಬೀಳುವುದು ಲೋಕರೂಢಿ. ಆದರೆ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಹೆಗಲಿಗೇರಿಸಿದ ಜೋಳಿಗೆಗೆ ಬಿದ್ದುದು ಬೀಡಿಯ ಕಟ್ಟು, ತಂಬಾಕಿನ ಚಂಚಿ, ಕುಡುಕನ ಆಣೆ. ಓಣಿಯಿಂದ ಓಣಿಗೆ ನಡೆದು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಈ ಯತಿಯ ಜನ್ಮದಿನವಾದ ಆಗಸ್ಟ್ 1 ಇಂದು ಕರ್ನಾಟಕದಲ್ಲಿ ವ್ಯಸನಮುಕ್ತ ದಿನ. ಹಾವೇರಿಯ ಹುಕ್ಕೇರಿಮಠದ ಸದಾಶಿವ ಸ್ವಾಮಿಗಳ ಪಾದಯಾತ್ರೆಗಳಲ್ಲಿಯೂ ಆ ಜೋಳಿಗೆಯನ್ನು ಕಾಣಬಹುದು.

ಈ ಬೇಡಿಕೆಯ ಬೇರು ಹಳೆಯದು. 12ನೆಯ ಶತಮಾನದ ಶರಣರಲ್ಲೊಬ್ಬನಾದ ಹೆಂಡದ ಮಾರಯ್ಯನು ಹೆಂಡ ಮಾರುವ ಕಾಯಕವನ್ನು ಹಿಡಿದಿದ್ದೂ, ಕುಡಿಯಬಂದವರಿಗೆ ಕುಡಿತದ ಕೇಡನ್ನೇ ಬೋಧಿಸುತ್ತಿದ್ದನೆಂದು ಹೇಳುವರು. ತನ್ನ ಹೊಟ್ಟೆಗೆ ತಾನೇ ಕಲ್ಲು ಹಾಕಿಕೊಂಡ ಇಂಥ ಅಂಗಡಿಕಾರನನ್ನು ಅಬಕಾರಿಯ ಇತಿಹಾಸದಲ್ಲಿ ಹುಡುಕುವುದು ವ್ಯರ್ಥವೇ ಸರಿ.

ಆದರೆ ಆಣೆಯಿಡುವುದು ಕ್ಷಣದ ಕೆಲಸ, ಅದನ್ನು ಕಾಯಬೇಕಾದುದು ಪ್ರತಿ ಸಂಜೆ. ಕೂಲಿ ಕೈಗೆ ಬಂದ ಆ ಹೊತ್ತನ್ನು ಯಾವುದರಿಂದ ತುಂಬಬೇಕೆಂಬ ಪ್ರಶ್ನೆಗೆ ಹಾವೇರಿ ಸೀಮೆಯ ಇಬ್ಬರು ಮಹನೀಯರ ಬಾಳಿನಲ್ಲಿ ಉತ್ತರವುಂಟು. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ, ಪ್ರಾತಃಸ್ನಾನ, ಮಿತಾಹಾರ, ಅಂಗೈಯ ಇಷ್ಟಲಿಂಗದಲ್ಲಿ ನೆಟ್ಟ ದೃಷ್ಟಿ, ಹೀಗೆ ಭಕ್ತಿಗೆ ದಿನಚರಿಯ ಕಟ್ಟನ್ನು ಹಾಕಿಕೊಟ್ಟರು. ಮಠದ ವಟುಗಳಿಗಾಗಿ ರೂಪುಗೊಂಡ ಶಿಸ್ತು ಅದು. ಆದರೂ ಸಾಯಂಕಾಲದ ಲಿಂಗಪೂಜೆಗೆ ಕೂಡಬೇಕಾದ ಗೃಹಸ್ಥನು ಗಡಂಗಿನ ದಾರಿ ಹಿಡಿಯುವುದಾದರೂ ಹೇಗೆ?

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ದಾರಿ ಬೇರೆ. ಸಾಬರಮತಿಯ ಆಶ್ರಮವನ್ನು ಸೇರಿ, 1930ರ ದಾಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದು, ಸೆರೆಮನೆಯನ್ನು ಕಂಡು ಮರಳಿದ ಆ ತರುಣರು ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಸೇವಾಶ್ರಮವನ್ನು ಕಟ್ಟಿದರು. ನಾಲಗೆಯ ಚಪಲವನ್ನು ಗೆಲ್ಲುವ ಅಸ್ವಾದವೂ ಸಾಬರಮತಿಯ ಏಕಾದಶವ್ರತಗಳಲ್ಲಿ ಒಂದಾಗಿತ್ತು. ಗಾಂಧೀಜಿ 1941ರಲ್ಲಿ ಬರೆದ ರಚನಾತ್ಮಕ ಕಾರ್ಯಕ್ರಮದಲ್ಲಿ ಪಾನನಿರೋಧ ಮೂರನೆಯದು, ಖಾದಿ ನಾಲ್ಕನೆಯದು. ಈ ನೆರೆಹೊರೆ ಆಕಸ್ಮಿಕವಿರಬಹುದು, ಆದರೆ ಬಟ್ಟಲನ್ನು ಬಿಟ್ಟ ಕೈಗೆ ತಕಲಿ ಬೇಕೆಂಬುದು ನೂಲುವವರಿಗೆ ತಿಳಿದ ಮಾತೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮಹಾದೇವಪ್ಪನವರು ಗುಂಡಿಗೆ ಬಲಿಯಾದಾಗ ಅವರಿಗೆ 32 ತುಂಬಿರಲಿಲ್ಲ.

ಅನಂತರ ಸರ್ಕಾರವೇ ಕಾನೂನನ್ನು ಹಿಡಿದು ಬಂದಿತು. ಈ ಮೂರೂ ತಾಲ್ಲೂಕುಗಳು ಆಗ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದುದರಿಂದ 1949ರ ಪಾನನಿರೋಧ ಕಾಯಿದೆ ಇಲ್ಲಿಗೂ ಅನ್ವಯಿಸಿತು. ಅಂಗಡಿ ಮುಚ್ಚಿದರೂ ಆಸೆ ಮುಚ್ಚಲಿಲ್ಲ. ಕಳ್ಳಭಟ್ಟಿಗೆ ಪರವಾನಗಿ ಬೇಕಿರಲಿಲ್ಲವಷ್ಟೆ.

ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ನಡೆಸುತ್ತಿರುವ ಮದ್ಯವರ್ಜನ ಶಿಬಿರಗಳು ಹಳೆಯ ಎರಡು ದಾರಿಗಳನ್ನೂ ಕೂಡಿಸಿಕೊಂಡಂತೆ ತೋರುತ್ತವೆ: ಎಂಟು ದಿನಗಳ ವಾಸ, ಯೋಗ, ಭಜನೆ, ಆಪ್ತಸಲಹೆ, ಹೆಂಡತಿ ಮಕ್ಕಳೆದುರಿಗೆ ಸಂಕಲ್ಪ. ಶಿಬಿರ ಮುಗಿಸಿ ಊರಿಗೆ ಹೋದವರನ್ನು ನವಜೀವನ ಸಮಿತಿಯೆಂಬ ಕೂಟಕ್ಕೆ ಸೇರಿಸಿಕೊಳ್ಳುವರು. ಕುಡಿತ ಬಿಟ್ಟವನು ಅಲ್ಲಿ ಕುಡಿತ ಬಿಟ್ಟವನ ಪಕ್ಕದಲ್ಲಿ ಕುಳಿತು ಕಳೆದ ದಿನಗಳ ಲೆಕ್ಕ ಒಪ್ಪಿಸುತ್ತಾನೆ.