ಟೋಪಿ ಹಾಕಿದ್ದು ಯಾರಿಗೆ?

ಮೊನ್ನೆ ಆಫೀಸಲ್ಲಿ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಿದ್ದಾಗ ಅಬ್ರಹಾಂ ಲಿಂಕನ್ನನ ಟೋಪಿಯ ಫೋಟೋ ಕಣ್ಣಿಗೆ ಬಿತ್ತು. 1865ರ ಏಪ್ರಿಲ್ 14ರ ರಾತ್ರಿ ನಾಟಕ ನೋಡಲು ಹೋಗಿ ಗುಂಡೇಟು ತಿಂದನಲ್ಲ, ಅವತ್ತು ಹಾಕಿಕೊಂಡು ಹೋಗಿದ್ದ ರೇಷ್ಮೆ ಟೋಪಿ. ಮೊದಲೇ ಆರಡಿ ನಾಲ್ಕಿಂಚಿನ ಆಳು, ಅದರ ಮೇಲೆ ಒಲೆಯ ಹೊಗೆಕೊಳವೆಯಂಥ ಟೋಪಿ! ಅದಕ್ಕೆ ಸುತ್ತಿದ ಕಪ್ಪು ಪಟ್ಟಿ ಮಾತ್ರ ಶೋಕಿಗಲ್ಲ, ಶೋಕಕ್ಕೆ. 1862ರಲ್ಲಿ ತೀರಿಕೊಂಡ ಮಗ ವಿಲ್ಲಿಯ ನೆನಪಿಗೆ.

ಈ ಟೋಪಿಯ ಮೂಲ ಹುಡುಕುತ್ತಾ ಹೋದರೆ ಸಿಕ್ಕಿದ್ದು ಬೀವರ್, ಹಳ್ಳಕ್ಕೆ ಕಟ್ಟೆ ಕಟ್ಟಿ ಬದುಕೋ ಪ್ರಾಣಿ. ಅದರ ಒಳಗೂದಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ. ಬಿಸಿ ನೀರು ಹಾಕಿ ಒತ್ತಿದರೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಕಂಬಳಿಯಂತಾಗುತ್ತದೆ, ಅದೇ ಫೆಲ್ಟ್. ಮಳೆಗೂ ಜಗ್ಗೋದಿಲ್ಲ. ಯುರೋಪಿನಲ್ಲಿ ಬೀವರ್ ಬರಿದಾದ ಮೇಲೆ ಬೇಟೆಗಾರರ ಕಣ್ಣು ಅಮೆರಿಕದ ಮೇಲೆ ಬಿತ್ತು. ಜಾನ್ ಜೇಕಬ್ ಆಸ್ಟರ್ 1808ರಲ್ಲಿ ತುಪ್ಪಳದ ಕಂಪನಿ ಕಟ್ಟಿ ಭಾರೀ ಶ್ರೀಮಂತನಾದ. 1830ರ ದಶಕದಲ್ಲಿ ರೇಷ್ಮೆ ಟೋಪಿಯ ಹುಚ್ಚು ಹಿಡಿಯಿತು ನೋಡಿ, ಅಳಿದುಳಿದ ಬೀವರ್‌ಗಳು ಬದುಕಿಕೊಂಡವು.

ಆದರೆ ಫೆಲ್ಟ್ ಟೋಪಿಗಳು ನಿಲ್ಲಲಿಲ್ಲ. ಬೀವರ್ ದುಬಾರಿಯಾದಂತೆ ಅಗ್ಗದ ಮೊಲದ ಕೂದಲು ಬಂತು. ಅದು ಸುಲಭಕ್ಕೆ ಹೆಣೆದುಕೊಳ್ಳೋದಿಲ್ಲ. ಉಪಾಯ? ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಕೂದಲಿಗೆ ಬಳಿಯೋದು. ಕೂದಲ ತುದಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದರಿಂದ ಈ ಕೆಲಸಕ್ಕೆ ‘ಕ್ಯಾರೆಟಿಂಗ್’ ಅಂತ ಹೆಸರು. ಆಮೇಲೆ ಹಬೆ ತುಂಬಿದ ಕೋಣೆಯಲ್ಲಿ ಫೆಲ್ಟ್ ತಟ್ಟುವವರು ದಿನವಿಡೀ ಆ ಪಾದರಸವನ್ನೇ ಉಸಿರಾಡುತ್ತಿದ್ದರು. ಕೈ ನಡುಕ, ಹಲ್ಲು ಸಡಿಲ, ಮರೆವು, ಯಾರಾದರೂ ನೋಡಿದರೂ ಸಾಕು ವಿಪರೀತ ಸಂಕೋಚ. ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ ಮನೆಮನೆಗೂ ಟೋಪಿ ಕೆಲಸ. ಹಾಗಾಗಿ ರೋಗಕ್ಕೂ ‘ಡ್ಯಾನ್‌ಬರಿ ನಡುಕ’ ಅಂತಲೇ ಹೆಸರಾಯಿತು.

ನನ್ನ ಹೊಟ್ಟೆ ಉರಿದದ್ದು ಇಲ್ಲಿ. ಅಡಿಸನ್ ಫ್ರೀಮನ್ ಎಂಬ ವೈದ್ಯ ನ್ಯೂಜೆರ್ಸಿಯ ಟೋಪಿ ಕೆಲಸಗಾರರನ್ನು ನೋಡಿ, ಇದು ಪಾದರಸದ ರೋಗ ಅಂತ 1860ರಲ್ಲೇ ಬರೆದು ಪ್ರಕಟಿಸಿದ್ದ. ಅಮೆರಿಕದಲ್ಲಿ ಟೋಪಿಗೆ ಪಾದರಸ ಬಳಸೋದು ನಿಂತದ್ದು 1941ರಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ರಿಪೋರ್ಟ್ ಆಗಿ ಫಿಕ್ಸ್ ಆಗೋಕೆ 81 ವರ್ಷ! ಅದೂ ಯುದ್ಧದ ಸ್ಫೋಟಕಗಳಿಗೆ ಪಾದರಸ ಬೇಕಾಗಿದ್ದೂ ಒಂದು ಕಾರಣವಂತೆ.

ನಾವು ಮೋಸ ಹೋದರೆ ‘ಟೋಪಿ ಹಾಕಿಸಿಕೊಂಡೆ’ ಅಂತೀವಿ. ಆ ಕಾಲದ ಅಮೆರಿಕದಲ್ಲಿ ನೋಡಿ, ಟೋಪಿ ಹಾಕಿಕೊಂಡವರು ಗತ್ತಿನಿಂದ ಓಡಾಡಿದರು; ನಿಜವಾಗಿ ಟೋಪಿ ಹಾಕಿಸಿಕೊಂಡವರು ಅದನ್ನು ಮಾಡಿಕೊಟ್ಟವರು.

ಏನಂತೀರಿ?