ಹಳೆಯ ನಾಣ್ಯಗಳ ಅಚ್ಚುಭೇದ: ಪುತ್ತೂರು, ಸುಳ್ಯ, ಕಡಬ ಸೀಮೆ

ಒಬ್ಬನೇ ಅರಸ, ಒಂದೇ ಟಂಕಸಾಲೆ, ಒಂದೇ ಬೆಲೆಯ ನಾಣ್ಯಗಳಲ್ಲೂ ಚಿತ್ರ, ಅಕ್ಷರ, ಚುಕ್ಕಿಗಳು ಬೇರೆಬೇರೆಯಾಗಿ ಕಾಣುವುದುಂಟು. ಬೇರೆ ಬೇರೆ ಅಚ್ಚುಗಳಿಂದ ಮೂಡಿದ್ದರಿಂದ ಬಂದ ಈ ವ್ಯತ್ಯಾಸವೇ ಅಚ್ಚುಭೇದ. ಕೈಯಿಂದ ಕೊರೆದ ಎರಡು ಅಚ್ಚುಗಳು ಎಂದೂ ತದ್ರೂಪವಾಗವು. ಕೆಳಗಿನ ಅಚ್ಚನ್ನು ಅಡೆಗಲ್ಲಿನಲ್ಲಿ ಕೂರಿಸಿ, ಮೇಲಿನದನ್ನು ಹಿಡಿದು ಸುತ್ತಿಗೆಯಿಂದ ಬಡಿಯುತ್ತಿದ್ದರು. ಪೆಟ್ಟು ತಿನ್ನುವ ಮೇಲಚ್ಚು ಬೇಗ ಸೀಳುತ್ತಿದ್ದುದರಿಂದ ಒಂದು ಕೆಳಚ್ಚಿಗೆ ಹಲವು ಮೇಲಚ್ಚುಗಳು ಜೊತೆಯಾಗುತ್ತಿದ್ದವು. ಆ ಜೋಡಿಗಳನ್ನು ಹೊಂದಿಸಿ ನೋಡಿದರೆ, ವರ್ಷವೇ ಇಲ್ಲದ ನಾಣ್ಯಗಳಲ್ಲೂ ಯಾವುದು ಮೊದಲು, ಯಾವುದು ನಂತರ ಎಂದು ತಿಳಿಯಬಹುದು.

ಘಟ್ಟದ ಬುಡದ ಈ ಸೀಮೆಗೆ ನಾಣ್ಯ ಹೊರಗಿನಿಂದ ಬರುತ್ತಿತ್ತು. ಕರಾವಳಿಯ ಆಳುಪರದು ಜೋಡಿ ಮೀನಿನ ಗದ್ಯಾಣ. ಹಿಂಬದಿಯಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹ. ಇಕ್ಕೇರಿ ನಾಯಕರದು ಶಿವಪಾರ್ವತಿಯರ ವರಹ. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನು ಹಾಕಿಸಿದ. ರಾಜ್ಯ ಬದಲಾದರೂ ಜನ ನಂಬಿದ ಚಿತ್ರ ಬದಲಾಗಲಿಲ್ಲ.

ಅಚ್ಚುಭೇದ ಹುಡುಕುವವರಿಗೆ ಟಿಪ್ಪುವಿನ ಆನೆ ಕಾಸಿನಷ್ಟು ಸಮೃದ್ಧವಾದುದು ಬೇರೆ ಇಲ್ಲ. ಶ್ರೀರಂಗಪಟ್ಟಣ (ನಾಣ್ಯದಲ್ಲಿ ‘ಪಟನ್’), ನಗರ (ಬಿದನೂರು), ಕಲ್ಲಿಕೋಟೆ, ಫರ್ರುಖಿ ಹೀಗೆ ಟಂಕಸಾಲೆಗಳು ಅನೇಕ. ಆನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸೊಂಡಿಲು, ಬಾಲ, ಬಾವುಟದ ನಿಲುವು ಅಚ್ಚಿನಿಂದ ಅಚ್ಚಿಗೆ ಬೇರೆ. 1787ರಲ್ಲಿ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದೆ 1215ನ್ನು 5121 ಎಂದು ಬರೆದಿಟ್ಟವರುಂಟು. ಬಿಲ್ಲೆಗಿಂತ ಅಚ್ಚು ದೊಡ್ಡದಾದರೆ ಒಂದು ಕಾಸಿನಲ್ಲಿ ಆನೆಯ ಕಾಲಿಲ್ಲ, ಇನ್ನೊಂದರಲ್ಲಿ ಬಾವುಟವಿಲ್ಲ. ಹತ್ತಾರು ತುಣುಕು ಚಿತ್ರಗಳನ್ನು ಕೂಡಿಸಿದಾಗಲೇ ಪೂರ್ತಿ ಅಚ್ಚು ಕಣ್ಣಿಗೆ ಬರುತ್ತದೆ. ಈ ನಾಣ್ಯಗಳ ಬಗ್ಗೆ ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸಂಗ್ರಾಹಕರು ಇಂದಿಗೂ ತೆರೆಯುತ್ತಾರೆ.

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಆನೆ, ಆಮೇಲೆ ಸಿಂಹ. ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಬರಹ. ಇಂಗ್ಲಿಷ್ ಅಕ್ಷರಗಳನ್ನು ಕೊರೆದ ಕೈಗೆ ಆ ಲಿಪಿ ಹೊಸತೆಂಬುದು ಅವುಗಳ ಆಕಾರದಲ್ಲೇ ಕಾಣುತ್ತದೆ. ಅದೇ ಕಾಲದಲ್ಲಿ ಈ ಸೀಮೆಯಲ್ಲಿ ನಾಣ್ಯವೇ ಸಂಕಟವಾಯಿತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ಕಸಿದು, ಅಮರಸುಳ್ಯ, ಪುತ್ತೂರುಗಳನ್ನು ಕೆನರಾಕ್ಕೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯ ನಗದಾಯಿತು. ರೊಕ್ಕಕ್ಕಾಗಿ ರೈತ ಸಾಲ ಕೊಡುವವನ ಬಾಗಿಲಿಗೆ ಹೋಗಬೇಕಾಯಿತು. 1837ರಲ್ಲಿ ಇಲ್ಲಿ ಕಂಪನಿಯ ವಿರುದ್ಧ ಎದ್ದ ದಂಗೆಗೆ ಇದೊಂದು ಮುಖ್ಯ ಕಾರಣ. ದಂಗೆಕೋರರು ಮೊದಲಿಗೇ ವಶಪಡಿಸಿಕೊಂಡದ್ದು ಬೆಳ್ಳಾರೆಯ ಖಜಾನೆಯನ್ನು. ಈ ಭಾಗದ ಹಳೆಯ ಮನೆಯೊಂದರ ಕಾಸನ್ನು ಕೈಗೆತ್ತಿಕೊಳ್ಳುವವರು ಇದನ್ನು ನೆನೆಯಬೇಕು.

1835ರ ಬಳಿಕ ಯಂತ್ರದ ರೂಪಾಯಿ ಬಂದು ಭೇದಗಳು ಸೂಕ್ಷ್ಮವಾದವು. ವಿಕ್ಟೋರಿಯಾಳ 1862ರ ರೂಪಾಯಿ ಅದೇ ಇಸವಿಯಲ್ಲಿ 1874ರವರೆಗೆ ಮುದ್ರಣಗೊಂಡಿತು. ಮುಂಬಯಿ ನಾಣ್ಯಗಳಲ್ಲಿ ಇಸವಿಯ ಕೆಳಗಿನ ಚುಕ್ಕಿಗಳನ್ನು ಎಣಿಸಿ ಭೇದ ಗುರುತಿಸುತ್ತಾರೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಆನೆ ಹಂದಿಯಂತೆ ಕಂಡು ಜನ ಕೆರಳಿದ್ದರಿಂದ, 1912ರಲ್ಲಿ ಅಚ್ಚನ್ನೇ ತಿದ್ದಿದರು.

ಗುರುತಿಸುವವರು ಮೊದಲು ನೋಡಬೇಕಾದದ್ದು ಅಕ್ಷರಕ್ಕೂ ಚಿತ್ರಕ್ಕೂ ನಡುವಿನ ಅಂತರ. ಆಮೇಲೆ ಅಚ್ಚು ಸೀಳಿದ ಕಡೆ ನಾಣ್ಯದಲ್ಲಿ ಉಬ್ಬಿ ನಿಲ್ಲುವ ಗೆರೆ. ಎರಡು ಸಲ ಬಿದ್ದ ಪೆಟ್ಟು ಹೊಡೆತದ ದೋಷವೇ ಹೊರತು ಅಚ್ಚುಭೇದವಲ್ಲ. ಸವೆತವೂ ಅಷ್ಟೆ. ಹುಣಸೆಹುಳಿ ಹಾಕಿ ತಿಕ್ಕುವುದು ಎಲ್ಲಕ್ಕಿಂತ ದೊಡ್ಡ ಹಾನಿ: ತಾಮ್ರ ಹೊಳೆಯುತ್ತದೆ, ಕೊರೆದವನ ಗೆರೆ ಅಳಿಯುತ್ತದೆ. ಅಕ್ಕಸಾಲಿಗನ ಕುಲುಮೆಗೆ ಹೋದ ವರಹದ ಬಗೆಗಂತೂ ಹೇಳುವುದೇ ಬೇಡ. ತೋಟ ಅಗೆಯುವಾಗ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮನೆಯ ಪೆಟ್ಟಿಗೆಯ ಕಾಸಾದರೆ ಯಾವ ಊರಿನ ಯಾವ ಮನೆಯದೆಂದು ಚೀಟಿ ಬರೆದು ಜೊತೆಗಿಡಬೇಕು. ಹೋಲಿಸಿ ನೋಡಲು ಮಂಗಳೂರಿನ ಅಲೋಶಿಯಂ ಮತ್ತು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಗಳು ಹತ್ತಿರದಲ್ಲೇ ಇವೆ.